‘ಮೊದಲು ವಾಸಿಯಾಗಲಿ’ ಎನ್ನುವವರಿಗೆ

ನನ್ನ ಸೋದರಮಾವ ಟೈಲರ್ ಆಗಿದ್ದ. ಊರಿನ ಬಸ್ ನಿಲ್ದಾಣದ ಎದುರು ಅವನದೊಂದು ಪುಟ್ಟ ಅಂಗಡಿ. ಇಪ್ಪತ್ತಾರನೇ ವಯಸ್ಸಿನಲ್ಲಿ ಅವನಿಗೆ ಸ್ಕಿಜೋಫ್ರೇನಿಯಾ ಶುರುವಾಯಿತು. ಗೋಡೆಯಾಚೆ ಯಾರೋ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎಂದು ರಾತ್ರಿಯೆಲ್ಲ ಎದ್ದು ಕೂರುತ್ತಿದ್ದ. ಮನೆಯವರು ಮೊದಲು ದೇವರ ಬಾಗಿಲಿಗೆ ಕರೆದೊಯ್ದರು, ಆಮೇಲೆ ಆಸ್ಪತ್ರೆಗೆ. ಎರಡು ತಿಂಗಳಲ್ಲಿ ದನಿಗಳು ತಗ್ಗಿದವು, ನಿದ್ದೆ ಹತ್ತಿತು, ಊಟ ಸೇರಿತು. ಔಷಧಿ ಚೀಟಿ ಹಿಡಿದು ಮನೆಗೆ ಬಂದವನು ಮಾರನೆಯ ಬೆಳಿಗ್ಗೆ ಕೇಳಿದ್ದು ಒಂದೇ ಮಾತು: “ನನ್ನ ಮಿಷನ್ ಎಲ್ಲಿ?”

ಅಷ್ಟರಲ್ಲಿ ಅಂಗಡಿ ಬಿಟ್ಟುಕೊಟ್ಟಾಗಿತ್ತು. ಹೊಲಿಗೆ ಮಿಷನ್ ಅಟ್ಟ ಸೇರಿತ್ತು. ಅಜ್ಜಿ ತಲೆ ಸವರಿ ಹೇಳಿದಳು, “ಮೊದಲು ವಾಸಿಯಾಗಪ್ಪ, ಆಮೇಲೆ ನೋಡೋಣ.” ದೊಡ್ಡಮಾವಂದಿರು ಅದನ್ನೇ ಹೇಳಿದರು. ನೋಡುತ್ತಿದ್ದ ವೈದ್ಯರೂ ಅದನ್ನೇ ಹೇಳಿದರು. ಹನ್ನೊಂದು ವರ್ಷ ಅವನು ಜಗಲಿಯ ಮೇಲೆ ಕೂತ. ಆಗಾಗ ಅದೇ ಪ್ರಶ್ನೆ ಕೇಳುತ್ತಿದ್ದ. ಕೇಳಿದಾಗಲೆಲ್ಲ ಮನೆಯಲ್ಲಿ ಕಣ್ಣಸನ್ನೆ ನಡೆಯುತ್ತಿತ್ತು: ನೋಡು, ಮತ್ತೆ ಶುರುವಾಯಿತು. ದುಡಿಯುತ್ತೇನೆ ಎಂಬ ಮಾತೇ ರೋಗದ ಲಕ್ಷಣವಾಗಿಬಿಟ್ಟಿತ್ತು. ಕೊನೆಗೊಂದು ದಿನ ಅವನು ಕೇಳುವುದನ್ನೇ ನಿಲ್ಲಿಸಿದ. ಈಗ ಪರವಾಗಿಲ್ಲ, ಶಾಂತವಾಗಿದ್ದಾನೆ ಎಂದು ಎಲ್ಲರೂ ಸಮಾಧಾನಪಟ್ಟರು.

ಅಜ್ಜಿಯ ಮಾತಿನಲ್ಲಿ ಪ್ರೀತಿಯಿತ್ತು. ಅದಕ್ಕೇ ಅದನ್ನು ಯಾರೂ ಪ್ರಶ್ನಿಸಲಿಲ್ಲ. ಇವತ್ತಿಗೂ ಯಾರೂ ಪ್ರಶ್ನಿಸುತ್ತಿಲ್ಲ. ಕೆಲಸ ಕೊಡದ ಮಾಲೀಕ, ಮನೆ ಬಾಡಿಗೆಗೆ ಕೊಡದ ಯಜಮಾನ, ಕಾಲೇಜಿಗೆ ಮರಳಿ ಸೇರಿಸಿಕೊಳ್ಳದ ಪ್ರಾಂಶುಪಾಲ, ಕಡತ ಮುಚ್ಚಿಡುವ ಅಧಿಕಾರಿ, ಎಲ್ಲರ ಬಾಯಲ್ಲೂ ಇದೇ ಮಾತು. ಮೊದಲು ವಾಸಿಯಾಗಲಿ, ಕೆಲಸ, ಮನೆ, ಗೆಳೆತನ, ಓದು, ಓಡಾಟ ಎಲ್ಲ ಆಮೇಲೆ. ಕೇಳಲು ಎಷ್ಟು ವಿವೇಕದ ಮಾತು! ಈ ಮಾತು ತಪ್ಪು, ಕ್ರೂರ, ಮತ್ತು ಈಗ ಕಾನೂನಿಗೂ ವಿರುದ್ಧ ಎಂದು ಹೇಳುವುದಕ್ಕೇ ಈ ಲೇಖನ.

ನಮ್ಮಲ್ಲೊಂದು ಗಾದೆಯಿದೆ: ಹುಚ್ಚು ಬಿಡುವವರೆಗೂ ಮದುವೆಯಾಗದು, ಮದುವೆಯಾಗುವವರೆಗೂ ಹುಚ್ಚು ಬಿಡದು. ಮದುವೆಯಿಂದ ಮಾನಸಿಕ ಕಾಯಿಲೆ ಗುಣವಾಗುವುದಿಲ್ಲ. ಆ ನಂಬಿಕೆಯಿಂದ ಹಾಳಾದ ಹೆಣ್ಣುಮಕ್ಕಳ ಬದುಕಿಗೆ ಲೆಕ್ಕವಿಲ್ಲ. ಆದರೆ ಗಾದೆ ತೋರಿಸುವ ಬಿಕ್ಕಟ್ಟು ನಿಜ. ‘ಮದುವೆ’ ಎಂಬಲ್ಲಿ ‘ಕೆಲಸ’ ಎಂದು ಹಾಕಿ ಓದಿ. ವಾಸಿಯಾಗದೆ ಕೆಲಸವಿಲ್ಲ, ಕೆಲಸವಿಲ್ಲದೆ ವಾಸಿಯಾಗುವುದಿಲ್ಲ. ತೀವ್ರ ಮಾನಸಿಕ ಕಾಯಿಲೆಯ ಲಕ್ಷಾಂತರ ಜನರನ್ನು ನಾವು ಈ ಸುಳಿಯೊಳಗೆ ತಳ್ಳಿ, ದಡದಲ್ಲಿ ನಿಂತು, ಈಜಿ ಬಾ ಎನ್ನುತ್ತಿದ್ದೇವೆ.

ಈ ನಂಬಿಕೆಯ ಮೇಲಿನ ಮೊದಲ ಆಪಾದನೆ: ಇದು ಪುರಾವೆಗೆ ತದ್ವಿರುದ್ಧ.

ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ 1990ರ ದಶಕದಲ್ಲಿ ಹಳೆಯ ಕ್ರಮವನ್ನು ತಲೆಕೆಳಗು ಮಾಡಿದರು. ಅಲ್ಲಿಯವರೆಗೆ ರೋಗಿಯನ್ನು ಪುನರ್ವಸತಿ ಕೇಂದ್ರದಲ್ಲಿ ಕೂರಿಸಿ, ವರ್ಷಗಟ್ಟಲೆ ತರಬೇತಿ ಕೊಟ್ಟು, ‘ಸಿದ್ಧನಾದ’ ಎಂದು ಯಾರಾದರೂ ಒಪ್ಪಿದ ಮೇಲೆ ಕೆಲಸದ ಮಾತು. ಇವರು ಒಂದೇ ಪ್ರಶ್ನೆ ಕೇಳಿದರು: ನಿಮಗೆ ಕೆಲಸ ಮಾಡುವ ಮನಸ್ಸಿದೆಯೇ? ಇದೆ ಎಂದರೆ ಹುಡುಕಾಟ ಕೂಡಲೇ ಶುರು. ಚಿಕಿತ್ಸಾ ತಂಡದಲ್ಲೇ ಒಬ್ಬ ಉದ್ಯೋಗ ಕಾರ್ಯಕರ್ತ ಇರುತ್ತಾನೆ. ಅವನು ಮಾಲೀಕರ ಬಳಿ ಹೋಗುತ್ತಾನೆ, ವ್ಯಕ್ತಿಯ ಇಷ್ಟಕ್ಕೆ ಹೊಂದುವ ನಿಜವಾದ ಕೆಲಸ, ನಿಜವಾದ ಸಂಬಳ ಹುಡುಕುತ್ತಾನೆ, ಕೆಲಸ ಸಿಕ್ಕ ಮೇಲೂ ಬಿಟ್ಟುಹೋಗುವುದಿಲ್ಲ. ದನಿಗಳು ಪೂರ್ತಿ ನಿಂತಿರಬೇಕೆಂಬ ಷರತ್ತಿಲ್ಲ. ತರಬೇತಿ ಕೆಲಸದ ಜಾಗದಲ್ಲೇ ನಡೆಯುತ್ತದೆ.

ಫಲ ಏನಾಯಿತು? ಯುರೋಪಿನ ಆರು ನಗರಗಳಲ್ಲಿ 312 ಜನರ ಮೇಲೆ ಈ ಎರಡು ಕ್ರಮಗಳನ್ನು ಹೋಲಿಸಿದ ಅಧ್ಯಯನ 2007ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ನೇರವಾಗಿ ಕೆಲಸಕ್ಕೆ ಸೇರಿಸಿ ಬೆಂಬಲಿಸಿದ ಗುಂಪಿನಲ್ಲಿ ಶೇ 55ರಷ್ಟು ಜನ ಕೆಲಸಕ್ಕೆ ಹೋದರು. ಮೊದಲು ತರಬೇತಿ, ಆಮೇಲೆ ಕೆಲಸ ಎಂಬ ಗುಂಪಿನಲ್ಲಿ ಶೇ 28ರಷ್ಟು ಮಾತ್ರ. ಕೆಲಸದ ಒತ್ತಡಕ್ಕೆ ಕಾಯಿಲೆ ಕೆರಳುತ್ತದೆ ಎಂದು ಹೆದರಿಸುವವರು ಮುಂದಿನ ಅಂಕಿಯನ್ನು ಗಮನಿಸಬೇಕು. ಮತ್ತೆ ಆಸ್ಪತ್ರೆ ಸೇರಿದವರು ಮೊದಲ ಗುಂಪಿನಲ್ಲಿ ಶೇ 20, ಕಾಯಿಸಿದ ಗುಂಪಿನಲ್ಲಿ ಶೇ 31. ಹಾಗಾದರೆ ಕೆಲಸದಿಂದ ರೋಗ ಹೆಚ್ಚುತ್ತದೆ ಎಂಬ ಮಾತು ಎಲ್ಲಿಂದ ಬಂತು? ಎಷ್ಟು ತಲೆಮಾರುಗಳನ್ನು ನಾವು ಈ ಹೆದರಿಕೆಗೆ ಬಲಿಕೊಟ್ಟೆವು?

ಮನೆಯ ವಿಷಯದಲ್ಲೂ ಇದೇ ಕಥೆ. ಕೆನಡಾದ ಐದು ನಗರಗಳಲ್ಲಿ 2009ರಿಂದ 2013ರವರೆಗೆ, ಬೀದಿಗೆ ಬಿದ್ದಿದ್ದ ಎರಡು ಸಾವಿರಕ್ಕೂ ಹೆಚ್ಚು ಮಾನಸಿಕ ಅಸ್ವಸ್ಥರೊಂದಿಗೆ ದೊಡ್ಡ ಪ್ರಯೋಗ ನಡೆಯಿತು. ಮೊದಲು ಚಿಕಿತ್ಸೆಗೆ ಒಪ್ಪು, ಕುಡಿತ ಬಿಡು, ಆಮೇಲೆ ಸೂರು ಎಂಬ ಷರತ್ತನ್ನು ಒಂದು ಗುಂಪಿಗೆ ತೆಗೆದುಹಾಕಿ, ಮೊದಲು ಮನೆ ಕೊಟ್ಟರು, ಜೊತೆಗೆ ಬೆಂಬಲ ಕೊಟ್ಟರು. ಅಧ್ಯಯನದ ಕೊನೆಯ ಆರು ತಿಂಗಳಲ್ಲಿ ಆ ಗುಂಪಿನ ಶೇ 62ರಷ್ಟು ಜನ ಪೂರ್ತಿ ಕಾಲ ಸೂರಿನಡಿ ಇದ್ದರು. ಎಂದಿನ ಸೇವೆ ಪಡೆದವರಲ್ಲಿ ಶೇ 31ರಷ್ಟು ಜನ ಮಾತ್ರ.

ಇನ್ನೂ ಹಿಂದಿನದೊಂದಿದೆ. 1950ರ ದಶಕದಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಮಾನಸಿಕ ಆಸ್ಪತ್ರೆ, ಇವರು ಎಂದೂ ಸುಧಾರಿಸುವುದಿಲ್ಲ ಎಂದು ಹಿಂಭಾಗದ ವಾರ್ಡುಗಳಲ್ಲಿ ಬಿಟ್ಟಿದ್ದ 269 ಜನರನ್ನು ಕೆಲಸ ಮತ್ತು ವಸತಿಯ ಬೆಂಬಲದೊಂದಿಗೆ ಊರಿನೊಳಕ್ಕೆ ಕಳಿಸಿತು. ಸುಮಾರು ಮೂರು ದಶಕಗಳ ನಂತರ ಕೋರ್ಟ್‌ನಿ ಹಾರ್ಡಿಂಗ್ ಮತ್ತು ಸಂಗಡಿಗರು ಅವರನ್ನು ಹುಡುಕಿಕೊಂಡು ಹೋದರು. ಅರ್ಧದಿಂದ ಮೂರನೇ ಎರಡರಷ್ಟು ಜನ ಬಹುವಾಗಿ ಸುಧಾರಿಸಿದ್ದರು ಅಥವಾ ಚೇತರಿಸಿಕೊಂಡಿದ್ದರು. ಅಂಥ ಪುನರ್ವಸತಿ ಕಾರ್ಯಕ್ರಮವಿಲ್ಲದಿದ್ದ ಮೇನ್ ರಾಜ್ಯದ ರೋಗಿಗಳು ಅಷ್ಟು ಚೆನ್ನಾಗಿರಲಿಲ್ಲ. ಕಾಯಿಲೆ ಅದೇ. ಬೇರೆಯಾದದ್ದು ಆಸ್ಪತ್ರೆಯ ಹೊರಗೆ ಸಿಕ್ಕ ಬದುಕು.

ಅದೆಲ್ಲ ವಿದೇಶದ ಮಾತು, ನಮ್ಮಲ್ಲಿ ನಡೆಯುವುದಿಲ್ಲ ಎನ್ನುವವರಿದ್ದಾರೆ. ಅವರಿಗೆ ಎರಡನೇ ಆಪಾದನೆ: ನಮ್ಮ ನೆಲದಲ್ಲೇ ಸಾಬೀತಾದದ್ದನ್ನು ನೀವು ಕಣ್ಣೆತ್ತಿ ನೋಡಿಲ್ಲ.

ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ 1950ರ ದಶಕದಲ್ಲೇ ಡಾ. ವಿದ್ಯಾಸಾಗರ್ ರೋಗಿಗಳ ಕುಟುಂಬದವರನ್ನು ಕರೆತಂದು ಆವರಣದ ಡೇರೆಗಳಲ್ಲಿ ಇರಿಸಿ, ಅವರನ್ನೂ ಚಿಕಿತ್ಸೆಯ ಪಾಲುದಾರರನ್ನಾಗಿ ಮಾಡಿದರು. ಬೆಂಗಳೂರಿನ ನಿಮ್ಹಾನ್ಸ್ 1970ರ ದಶಕದಲ್ಲಿ ಸಕಲವಾರದ ಹಳ್ಳಿಗಳಿಗೆ ಹೋಯಿತು, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ಮಾನಸಿಕ ಕಾಯಿಲೆ ನೋಡುವುದನ್ನು ಕಲಿಸಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿ. ಕರ್ನಾಟಕದ ಹಳ್ಳಿಗಳಲ್ಲಿ ಚಿಕಿತ್ಸೆಯೇ ಸಿಗದೆ ಉಳಿದಿದ್ದ ಸ್ಕಿಜೋಫ್ರೇನಿಯಾದ 100 ಜನರನ್ನು ಹುಡುಕಿ, ಅವರಿದ್ದಲ್ಲಿಗೇ ಔಷಧ ಮತ್ತು ಮನೋಸಾಮಾಜಿಕ ಬೆಂಬಲ ಒಯ್ದು ಒಂದೂವರೆ ವರ್ಷ ಗಮನಿಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ರೋಗಲಕ್ಷಣ ತಗ್ಗಿತು, ದೈನಂದಿನ ಬದುಕಿನ ಅಡಚಣೆ ತಗ್ಗಿತು, ಮನೆಯವರ ಮೇಲಿನ ಹೊರೆ ಇಳಿಯಿತು. ತೀರ್ಥಹಳ್ಳಿ ಮತ್ತು ತುರುವೇಕೆರೆ ತಾಲ್ಲೂಕುಗಳಲ್ಲಿ ನಿಮ್ಹಾನ್ಸ್ ತಂಡಗಳು ಇಂಥ ಜನರನ್ನು ವರ್ಷಗಟ್ಟಲೆ ಹಳ್ಳಿಯಲ್ಲೇ ಅನುಸರಿಸಿ ನೋಡಿಕೊಂಡಿವೆ.

ಹಾಗೆಯೇ ಗೋವಾ, ಮಹಾರಾಷ್ಟ್ರ, ತಮಿಳುನಾಡುಗಳಲ್ಲಿ 282 ಜನರೊಂದಿಗೆ ನಡೆದ ಪ್ರಯೋಗವೊಂದು 2014ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಆಸ್ಪತ್ರೆಯ ಚಿಕಿತ್ಸೆ ಮಾತ್ರ. ಇನ್ನೊಂದು ಗುಂಪಿಗೆ ಅದರೊಂದಿಗೆ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರ ಮನೆಭೇಟಿ. ಈ ಕಾರ್ಯಕರ್ತರು ವೈದ್ಯರಲ್ಲ, ನರ್ಸುಗಳೂ ಅಲ್ಲ. ಮನೆಗೆ ಹೋಗಿ ಕೂತು ಮಾತಾಡಿದರು, ಮಾತ್ರೆ ಬಿಡದಂತೆ ನೋಡಿಕೊಂಡರು, ಸ್ನಾನ, ಕೆಲಸ, ನೆಂಟರಿಷ್ಟರ ಒಡನಾಟ ಮತ್ತೆ ಶುರುವಾಗುವಂತೆ ಹೆಜ್ಜೆಹೆಜ್ಜೆಗೂ ನೆರವಾದರು. ವರ್ಷದ ಕೊನೆಗೆ ಈ ಗುಂಪಿನವರ ರೋಗಲಕ್ಷಣವೂ ಅಡಚಣೆಯೂ ಹೆಚ್ಚು ತಗ್ಗಿದ್ದವು. ಅಂತರ ದೊಡ್ಡದೇನಲ್ಲ, ಆದರೆ ಸ್ಪಷ್ಟ. ಒಂದೇ ವರ್ಷದಲ್ಲಿ, ಊರಿನ ಸಾಮಾನ್ಯ ಜನರಿಂದ ಇಷ್ಟಾಗುವುದಾದರೆ, ಹತ್ತು ವರ್ಷ ಬಿಡದೆ ಮಾಡಿದರೆ ಎಷ್ಟಾದೀತು? ನಾವು ಮಾಡಿ ನೋಡಿದ್ದೇವೆಯೇ?

ಮೂರನೇ ಆಪಾದನೆ: ಈ ನಂಬಿಕೆ ಆಸ್ಪತ್ರೆಗಳನ್ನು ಜನರನ್ನು ಬಿಟ್ಟುಬರುವ ಉಗ್ರಾಣ ಮಾಡಿದೆ. ದೇಶದ 43 ಸರ್ಕಾರಿ ಮಾನಸಿಕ ಆಸ್ಪತ್ರೆಗಳ ಸ್ಥಿತಿಯನ್ನು ನೋಡಿ 2019ರಲ್ಲಿ ಹೊರಬಂದ ವರದಿಯ ಪ್ರಕಾರ, ಅಲ್ಲಿದ್ದವರಲ್ಲಿ ಶೇ 36ಕ್ಕೂ ಹೆಚ್ಚು ಜನ ಒಂದು ವರ್ಷಕ್ಕಿಂತ ಹೆಚ್ಚು ಕಾಲದಿಂದ ಅಲ್ಲೇ ಇದ್ದರು. ಅಂಥವರಲ್ಲಿ ಎಷ್ಟೋ ಜನರಿಗೆ ಆಸ್ಪತ್ರೆಯ ಹಾಸಿಗೆ ಬೇಕಿಲ್ಲ. ಅವರಿಗೆ ಬೇಕಿರುವುದು ಒಂದು ಬಾಗಿಲು, ಒಂದು ವಿಳಾಸ. ಮನೆಯವರು ವಿಳಾಸ ಬದಲಿಸಿಕೊಂಡಿರುತ್ತಾರೆ, ಫೋನ್ ಎತ್ತುವುದಿಲ್ಲ.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲಿ ಬಂತು, 2018ರಲ್ಲಿ ಜಾರಿಯಾಯಿತು. ಅದರ 19ನೇ ಸೆಕ್ಷನ್ ಮಾನಸಿಕ ಕಾಯಿಲೆಯಿರುವ ಪ್ರತಿಯೊಬ್ಬರಿಗೂ ಸಮಾಜದೊಳಗೇ ಬದುಕುವ ಹಕ್ಕನ್ನು ಕೊಡುತ್ತದೆ. ಕುಟುಂಬವಿಲ್ಲ, ಕುಟುಂಬ ಒಪ್ಪುತ್ತಿಲ್ಲ, ಮನೆಯಿಲ್ಲ, ಊರಲ್ಲಿ ಸೌಲಭ್ಯವಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ. ಗುಂಪು ಮನೆ, ಹಾಫ್‌ವೇ ಹೋಮ್‌ಗಳಂಥ ವ್ಯವಸ್ಥೆ ಮಾಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುತ್ತದೆ. ಈ ಹಕ್ಕಿಗೆ ವಾಸಿಯಾದ ಪ್ರಮಾಣಪತ್ರ ತರಬೇಕೆಂದು ಕಾಯ್ದೆ ಎಲ್ಲಿಯೂ ಕೇಳಿಲ್ಲ. ಹಾಗಿದ್ದರೆ ನಾವು ಯಾವ ಅಧಿಕಾರದಿಂದ ಕೇಳುತ್ತಿದ್ದೇವೆ?

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇರಿಸುತ್ತಿದ್ದ ಆಶ್ರಯವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಜನ ಎದ್ದು ಓಡಲಾಗದೆ ಸತ್ತರು. ವಾಸಿಯಾಗಲಿ ಎಂದೇ ಮನೆಯವರು ಅವರನ್ನು ಅಲ್ಲಿ ಬಿಟ್ಟಿದ್ದರು. ಇವತ್ತು ಸರಪಳಿ ಕಾನೂನುಬಾಹಿರ. ಆದರೆ ‘ಆಮೇಲೆ ನೋಡೋಣ’ ಎಂಬುದೂ ಕಾಲಿಗೆ ಕಟ್ಟಿದ ಸರಪಳಿಯೇ. ಅದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ನಾಲ್ಕನೇ ಆಪಾದನೆ: ಈ ನಂಬಿಕೆ ಇಡೀ ಚೇತರಿಕೆಯನ್ನು ಮಾತ್ರೆಯ ಚೀಟಿಗೆ ಇಳಿಸಿದೆ. ನಾನು ಮಾತ್ರೆಯ ವಿರೋಧಿಯಲ್ಲ. ಮಾವನ ದನಿಗಳನ್ನು ತಗ್ಗಿಸಿದ್ದು ಮಾತ್ರೆಯೇ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ತೀವ್ರ ಮಾನಸಿಕ ಕಾಯಿಲೆಯವರಲ್ಲಿ ನಾಲ್ವರಲ್ಲಿ ಮೂವರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಇಂಥ ದೇಶದಲ್ಲಿ ಔಷಧ ಬೇಡ ಎನ್ನುವುದು ಪಾಪ. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ‘ಮನೋಚೈತನ್ಯ’ ಯೋಜನೆಯ ಮಂಗಳವಾರದ ಕ್ಲಿನಿಕ್ ಬಂದದ್ದು ಬಡವರಿಗೆ ದೊಡ್ಡ ಉಪಕಾರ. ಆದರೆ ತಿಂಗಳಿಗೊಂದು ಮಂಗಳವಾರ ಸಾಲಿನಲ್ಲಿ ನಿಂತು, ಐದು ನಿಮಿಷ ವೈದ್ಯರ ಮುಂದೆ ಕೂತು, ಮಾತ್ರೆ ಕಟ್ಟಿಸಿಕೊಂಡು ಹೋದ ಮೇಲೆ ಉಳಿದ ಇಪ್ಪತ್ತೊಂಬತ್ತು ದಿನ ಆ ಮನುಷ್ಯ ಏನು ಮಾಡಬೇಕು? ಬೆಳಿಗ್ಗೆ ಏಳಲು ಅವನಿಗೆ ಯಾವ ಕಾರಣವಿದೆ? ಅವನ ಹೆಸರು ಹಿಡಿದು ಕರೆಯುವವರು ಯಾರು? ಮಾತ್ರೆ ದನಿಗಳನ್ನು ಸುಮ್ಮನಾಗಿಸಬಲ್ಲದು. ಆ ಮೌನವನ್ನು ಬದುಕಿನಿಂದ ತುಂಬುವ ಶಕ್ತಿ ಅದಕ್ಕಿಲ್ಲ. ಏನೂ ಮಾಡಲು ಬಿಡದೆ ವರ್ಷಗಟ್ಟಲೆ ಕೂರಿಸಿದರೆ ಆರೋಗ್ಯವಂತನೂ ಮಂಕಾಗುತ್ತಾನೆ. ಆ ಮಂಕನ್ನು ತೋರಿಸಿ, ನೋಡಿ ಇನ್ನೂ ವಾಸಿಯಾಗಿಲ್ಲ ಎನ್ನುತ್ತೇವೆ.

ಐದನೇ ಆಪಾದನೆ: ಈ ನಂಬಿಕೆ ಸರ್ಕಾರದ ಹೊಣೆಯನ್ನು ತಾಯಂದಿರ ತಲೆಗೆ ಕಟ್ಟಿದೆ. ನಮ್ಮಲ್ಲಿ ಕುಟುಂಬ ಗಟ್ಟಿ, ಅದೇ ನಮ್ಮ ಸಮುದಾಯ ಸೇವೆ ಎಂದು ವೇದಿಕೆಗಳಲ್ಲಿ ಹೆಮ್ಮೆಪಡುವುದನ್ನು ಕೇಳಿದ್ದೇನೆ. ಆ ಕುಟುಂಬದೊಳಗೆ ಹೋಗಿ ನೋಡಿ. ಎಪ್ಪತ್ತು ದಾಟಿದ ತಾಯಿ, ನಲವತ್ತೈದರ ಮಗ. ತಾಯಿ ಮದುವೆ ಮುಂಜಿಗೆ ಹೋಗಿ ಎಷ್ಟೋ ವರ್ಷ. ಕೂಲಿ ಬಿಟ್ಟು ಮಗನನ್ನು ಕಾಯುತ್ತಾಳೆ. ರಾತ್ರಿ ಅವಳನ್ನು ಕಾಡುವುದು ಒಂದೇ ಪ್ರಶ್ನೆ: ನಾನು ಹೋದ ಮೇಲೆ ಇವನಿಗೆ ಯಾರು? ಕಾಯಿಲೆ ಸೊಸೆಗೆ ಬಂದರೆ ಕುಟುಂಬದ ಗಟ್ಟಿತನ ಇನ್ನೂ ಬೇಗ ಬಯಲಾಗುತ್ತದೆ. ತವರಿಗೆ ಕಳಿಸುತ್ತಾರೆ, ತವರಿನಲ್ಲಿ ಅಣ್ಣತಮ್ಮಂದಿರು ಮುಖ ತಿರುಗಿಸುತ್ತಾರೆ. ‘ವಾಸಿಯಾದ ಮೇಲೆ ಕರೆದುಕೊಂಡು ಹೋಗುತ್ತೇವೆ’ ಎಂದ ಗಂಡನ ಮನೆಯವರು ಎಷ್ಟು ಮಂದಿ ಬಂದು ಕರೆದುಕೊಂಡು ಹೋಗಿದ್ದಾರೆ?

ಆರನೇ ಆಪಾದನೆ ನಮ್ಮ ನಾಲಿಗೆಯ ಮೇಲೆ. ರಾಜಕಾರಣಿಗಳು ಎದುರಾಳಿಯನ್ನು ಬೈಯಬೇಕೆಂದರೆ ‘ನಿಮ್ಹಾನ್ಸ್‌ಗೆ ಸೇರಿಸಿ’ ಎನ್ನುತ್ತಾರೆ. ಸಭೆ ನಗುತ್ತದೆ, ಪತ್ರಿಕೆ ತಲೆಬರಹ ಮಾಡುತ್ತದೆ. ಸಾವಿರಾರು ಮನೆಗಳಲ್ಲಿ ಆ ಹೊತ್ತಿಗೆ ಯಾರೋ ನಿಮ್ಹಾನ್ಸ್‌ನ ಚೀಟಿಯನ್ನು ನೆಂಟರಿಗೆ ಕಾಣದಂತೆ ಅಡಗಿಸಿಡುತ್ತಿರುತ್ತಾರೆ. ಹೃದಯದ ಆಸ್ಪತ್ರೆಯ ಹೆಸರನ್ನು ಯಾರಾದರೂ ಬೈಗುಳ ಮಾಡಿದ್ದಾರೆಯೇ? ಚಿಕಿತ್ಸೆಯ ಜಾಗವನ್ನೇ ಅವಮಾನ ಮಾಡಿಟ್ಟು, ಆಮೇಲೆ ಜನ ಯಾಕೆ ತಡವಾಗಿ ಬರುತ್ತಾರೆ ಎಂದು ಕೇಳುವ ಹಕ್ಕು ನಮಗಿಲ್ಲ.

ಹಣವೆಲ್ಲಿದೆ, ಜನವೆಲ್ಲಿದ್ದಾರೆ ಎಂಬ ಪ್ರಶ್ನೆ ಇನ್ನು ಉಳಿದಿದೆ. ದೇಶದಲ್ಲಿ ಒಂದು ಲಕ್ಷ ಜನರಿಗೆ ಒಬ್ಬ ಮನೋವೈದ್ಯನೂ ಪೂರ್ತಿ ಇಲ್ಲ ಎಂಬುದು ನಿಜ. ಆದರೆ ನಾನು ಹೇಳುತ್ತಿರುವ ಕೆಲಸಕ್ಕೆ ಮನೋವೈದ್ಯರು ಸಾಲುಸಾಲಾಗಿ ಬೇಕಿಲ್ಲ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಆಶಾ ಕಾರ್ಯಕರ್ತೆಯರು ಪ್ರತಿ ಮನೆಯ ಬಾಗಿಲು ಬಲ್ಲವರು. ಜಿಲ್ಲೆಗಳಲ್ಲಿ ‘ಮಾನಸಧಾರಾ’ ಹಗಲು ಆರೈಕೆ ಕೇಂದ್ರಗಳ ಯೋಜನೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನೂ 21 ಅಂಗವೈಕಲ್ಯಗಳಲ್ಲಿ ಸೇರಿಸಿದೆ, ಸರ್ಕಾರಿ ಹುದ್ದೆಗಳ ಮೀಸಲಾತಿಯಲ್ಲೂ ಪಾಲು ಕೊಟ್ಟಿದೆ. 2022ರಿಂದ ಟೆಲಿ ಮಾನಸ್‌ನ 14416 ಸಹಾಯವಾಣಿ ಸಂಖ್ಯೆಗೆ ಹಗಲಿರುಳೂ ಕರೆ ಮಾಡಬಹುದು. ಎಳೆಗಳೆಲ್ಲ ಇವೆ, ನೇಯುವವರಿಲ್ಲ.

ಆದ್ದರಿಂದ ನಾವು ಕೇಳಬೇಕಾದದ್ದನ್ನು ಸ್ಪಷ್ಟವಾಗಿ ಕೇಳೋಣ. ಪ್ರತಿ ತಾಲ್ಲೂಕಿನ ಮಂಗಳವಾರದ ಕ್ಲಿನಿಕ್ಕಿನಲ್ಲಿ ವೈದ್ಯರ ಪಕ್ಕದಲ್ಲಿ ಒಬ್ಬ ಉದ್ಯೋಗ ಕಾರ್ಯಕರ್ತ ಕೂರಲಿ. ಬಂದವರನ್ನು ‘ನಿದ್ದೆ ಬರುತ್ತಿದೆಯೇ’ ಎಂದು ಕೇಳಿದ ಮೇಲೆ ‘ಏನು ಕೆಲಸ ಬಲ್ಲಿರಿ, ಏನು ಮಾಡಬೇಕೆಂದಿದ್ದೀರಿ’ ಎಂದೂ ಕೇಳಲಿ. ಗಾರ್ಮೆಂಟ್ಸ್ ಕಾರ್ಖಾನೆ, ಹೋಟೆಲು, ನರ್ಸರಿ, ಹಾಲಿನ ಡೇರಿ, ಉದ್ಯೋಗ ಖಾತ್ರಿಯ ಕಾಮಗಾರಿ, ಎಲ್ಲಿ ಸಾಧ್ಯವೋ ಅಲ್ಲಿ ಮಾತಾಡಿ ಕೆಲಸ ಕೊಡಿಸಲಿ, ಆರು ತಿಂಗಳು ಜೊತೆಗೆ ನಿಲ್ಲಲಿ. ಪುನರ್ವಸತಿ ಕಾರ್ಯಕರ್ತರಿಗೂ ಆಶಾ ಕಾರ್ಯಕರ್ತೆಯರಿಗೂ ತರಬೇತಿ ಕೊಟ್ಟು, ಅದಕ್ಕೆ ತಕ್ಕ ಸಂಭಾವನೆಯನ್ನೂ ಕೊಟ್ಟು, ಮನೆಭೇಟಿಯನ್ನು ಅವರ ಕೆಲಸದ ಭಾಗ ಮಾಡಲಿ. ಈಗಿನ ಹೊರೆಯ ಮೇಲೆ ಬಿಟ್ಟಿ ಹೊರೆ ಬೇಡ. ಮಾನಸಧಾರಾ ಕೇಂದ್ರಗಳು ತಾಲ್ಲೂಕಿಗೆ ಬರಲಿ, ಜನರನ್ನು ಒಳಗೆ ಕೂರಿಸುವುದಕ್ಕಿಂತ ಹೊರಗೆ ಕಳಿಸುವುದನ್ನು ತಮ್ಮ ಗುರಿ ಮಾಡಿಕೊಳ್ಳಲಿ. ಚೆನ್ನೈನ ದಿ ಬ್ಯಾನಿಯನ್ ಸಂಸ್ಥೆ 2015ರಿಂದ ಮಾಡುತ್ತಿರುವಂತೆ, ವರ್ಷಗಟ್ಟಲೆ ಆಸ್ಪತ್ರೆಯಲ್ಲಿ ಉಳಿದವರು ನಾಲ್ಕೈದು ಜನ ಸೇರಿ ಸಾಮಾನ್ಯ ಬೀದಿಯ ಸಾಮಾನ್ಯ ಬಾಡಿಗೆ ಮನೆಯಲ್ಲಿ, ನೆರವಿಗೊಬ್ಬರನ್ನು ಇಟ್ಟುಕೊಂಡು, ಸಂಸಾರ ಹೂಡುವಂತಾಗಲಿ. ಈ ದಾರಿ ನಡೆದುಬಂದವರನ್ನೇ ಸಂಬಳ ಕೊಟ್ಟು ಕಾರ್ಯಕರ್ತರನ್ನಾಗಿ ಮಾಡಿಕೊಳ್ಳಲಿ; ಕತ್ತಲೆಯ ದಾರಿಯಲ್ಲಿ ನಡೆದವರಿಗೆ ಗೊತ್ತಿರುವಷ್ಟು ತಿರುವುಗಳು ಬೇರೆ ಯಾರಿಗೂ ಗೊತ್ತಿಲ್ಲ.

ಎಣಿಕೆಯೂ ಬದಲಾಗಲಿ. ಪ್ರತಿ ಜಿಲ್ಲೆಯೂ ವರ್ಷದ ಕೊನೆಗೆ ಉತ್ತರ ಕೊಡಲಿ: ಚಿಕಿತ್ಸೆಗೆ ಬಂದವರಲ್ಲಿ ಎಷ್ಟು ಮಂದಿ ಕೆಲಸಕ್ಕೆ ಮರಳಿದರು? ಎಷ್ಟು ಮಂದಿ ಓದು ಮುಂದುವರಿಸಿದರು? ಆಸ್ಪತ್ರೆಯಲ್ಲಿ ವರ್ಷ ಮೀರಿ ಉಳಿದ ಎಷ್ಟು ಮಂದಿಗೆ ಮನೆ ಸಿಕ್ಕಿತು? ಈ ಮೂರು ಅಂಕಿಗಳಿಲ್ಲದ ವರದಿಯನ್ನು ಶಾಸಕರು ಸದನದಲ್ಲಿ ಒಪ್ಪಬಾರದು, ಪತ್ರಕರ್ತರು ಬರೆಯದೆ ಬಿಡಬಾರದು.

ಸರ್ಕಾರ ಮಾಡುವವರೆಗೆ ನಾವು ಕೈಕಟ್ಟಿ ಕೂರಬೇಕಿಲ್ಲ. ಅಂಗಡಿಯಿರುವವರು ದಿನಕ್ಕೆ ಎರಡು ಗಂಟೆಯ ಕೆಲಸ ಕೊಡಬಹುದು. ಮನೆಯಿರುವವರು ಬಾಡಿಗೆಗೆ ಕೊಡಬಹುದು. ನೆರೆಯವರು ಹಬ್ಬಕ್ಕೆ ಕರೆಯಬಹುದು, ಬಂದಾಗ ದಿಟ್ಟಿಸದೆ ಎಲೆ ಹಾಕಬಹುದು.

ಮಾವ ಕೇಳುವುದನ್ನು ನಿಲ್ಲಿಸಿದ ಮರುವರ್ಷ ಅಟ್ಟದಿಂದ ಮಿಷನ್ ಇಳಿಸಿದರು. ಗುಜರಿಯವನು ತೂಕಕ್ಕೆ ಹಾಕಿಕೊಂಡ. ಮಾವ ಜಗಲಿಯಿಂದ ನೋಡುತ್ತಿದ್ದ. ಆಗ ನಾನು ಹೈಸ್ಕೂಲಿನಲ್ಲಿದ್ದೆ, ನಾನೂ ನೋಡುತ್ತಿದ್ದೆ, ಏನೂ ಹೇಳಲಿಲ್ಲ. ಇವತ್ತು ಹೇಳುತ್ತಿದ್ದೇನೆ. ನಿಮ್ಮ ಮನೆಯ ಅಟ್ಟದ ಮೇಲೂ ಯಾರದೋ ಮಿಷನ್, ಯಾರದೋ ಪುಸ್ತಕ, ಯಾರದೋ ಗುದ್ದಲಿ, ಯಾರದೋ ತಬಲಾ ಇರಬಹುದು. ಅದನ್ನು ಕೇಳುತ್ತಿರುವ ದನಿ ಇನ್ನೂ ನಿಂತಿಲ್ಲದಿದ್ದರೆ, ದಯವಿಟ್ಟು ವಾಸಿಯಾಗಲೆಂದು ಕಾಯಬೇಡಿ. ಇವತ್ತೇ ಕೆಳಗಿಳಿಸಿ, ಧೂಳು ಒರೆಸಿ, ಅವರ ಕೈಗೆ ಕೊಡಿ.